ಮೂವತ್ತೊಂದನೇ ರ‍್ಯಾಂಕು

ಚಾಮರಾಜನಗರದ ಹತ್ತಿರ ವಸತಿ ಶಾಲೆಯೊಂದರಲ್ಲಿ ನಾನು ಗಣಿತದ ಮೇಷ್ಟ್ರು. ಊರಿನ ಶಾಲೆಯಲ್ಲಿ ಸದಾ ಫಸ್ಟ್ ಬರುತ್ತಿದ್ದ ಹಂಗಳದ ಸವಿತಾ ಇಲ್ಲಿ ಮೂವತ್ತೊಂದನೆಯವಳಾದಳು. ಅಂಕಪಟ್ಟಿಗೆ ಸಹಿ ಹಾಕಲು ಗುಂಡ್ಲುಪೇಟೆ ಬಸ್ಸಿಳಿದು ಬಂದ ಅವಳ ತಾಯಿಗೆ ಸಮಾಧಾನ ಹೇಳಿದೆ: "ಇಲ್ಲಿರೋರೆಲ್ಲ ಅವರವರ ಊರಲ್ಲಿ ಫಸ್ಟೇ ಕಣಮ್ಮ. ಮನೆಗೆಲಸ ಇಲ್ಲ, ಬೆಳಿಗ್ಗೆ ಐದಕ್ಕೇ ಎಬ್ಬಿಸಿ ಓದಿಸ್ತೀವಿ. ಸರಿಹೋಗ್ತಾಳೆ."

ಆಯಮ್ಮ ಪಟ್ಟಿ ಮಡಚಿದರು. "ಊರಲ್ಲೂ ಐದ್ಗಂಟ್ಗೇ ಎದ್ದು ಹಸ ಕರೀತಾ ಮಗ್ಗಿ ಹೇಳೋಳು ಸಾ. ಡೈರಿಗೆ ಹಾಲಾಕ್ಬುಟ್ಟು ಇಸ್ಕೂಲಿಗೆ ಓಗಿ ಫಸ್ಟ್ ಬರೋಳು. ಹಸ ತಂದು ಇಲ್ಲೇ ಕಟ್ಬುಡ್ಲಾ?"

ತಲೆ ತಗ್ಗಿಸಿ ನಿಂತಿದ್ದ ಸವಿತಾ ಕಿಸಕ್ಕನೆ ನಕ್ಕಳು.

ಆಯಮ್ಮ ಹೋದ ಮೇಲೆ ಹಾಸ್ಟೆಲ್ಲಿನ ನಿಯಮಗಳನ್ನು ತೆಗೆದು ನೋಡಿದೆ. ಮೊಬೈಲ್, ಕುರುಕಲು ತಿಂಡಿ, ಬಣ್ಣದ ಬಳೆ ತರುವಂತಿಲ್ಲ. ಹಸುವಿನ ವಿಷಯ ಎಲ್ಲೂ ಇರಲಿಲ್ಲ.