ಉಸೇನಪ್ಪ ಅಲ್ಲ, ಹುಸೇನಪ್ಪ

ಮೊನ್ನೆ ಅಣ್ಣನ ಮಗಳು ರೇಣುಕಾ ಫೋನನ್ನು ನನ್ನ ಮೂಗಿನ ಹತ್ತಿರ ಹಿಡಿದು, "ಕಾಕಾ, ನಿಮ್ಮ ಹಳೇ ಪೇಪರನ್ನ ಮೂರು ಕಡೆ ಉಲ್ಲೇಖ ಮಾಡ್ಯಾರ ನೋಡ್ರಿ!" ಎಂದಳು. ಅವಳು ಕಂಪ್ಯೂಟರ್ ವಿಜ್ಞಾನದಲ್ಲಿ ಸಂಶೋಧನೆ ಮಾಡುತ್ತಿದ್ದಾಳೆ. ನಿಮ್ಮ ಕೆಲಸವನ್ನು ಎಷ್ಟು ಜನ ತಮ್ಮ ಬರಹದಲ್ಲಿ ನೆನೆದಿದ್ದಾರೆ ಎಂಬುದೇ ಅವರ ಲೋಕದಲ್ಲಿ ಮನುಷ್ಯನ ತೂಕವಂತೆ. ಅವಳ ಗುರುಗಳದು ಸಾವಿರಗಟ್ಟಲೆ, ನನ್ನದು ಮೂರು. ಆದರೂ ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿದೆ. ಹೊಗಳಿಕೆ ಸಣ್ಣದಿದ್ದರೆ ಎರಡು ಸಲ ಓದಬೇಕಾಗುತ್ತದೆ, ನಿಮಗೂ ಗೊತ್ತಿರಬೇಕು.

ಆ ಸಂಶೋಧನಾ ಪೇಪರು ನನ್ನೊಬ್ಬನದಲ್ಲ. ತೊಂಬತ್ತರ ದಶಕದಲ್ಲಿ ನಾನು ಸಿಂಧನೂರಿನಲ್ಲಿ ಗಣಿತ ಹೇಳುತ್ತಿದ್ದೆ. ಪಾಮನಕಲ್ಲೂರಿನ ಹುಸೇನಪ್ಪ ಲಿಂಗಸುಗೂರಿನಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದ. ಶನಿವಾರ ಮಧ್ಯಾಹ್ನ ಅವನು ಆ ಕಡೆಯ ಬಸ್ಸು, ನಾನು ಈ ಕಡೆಯ ಬಸ್ಸು ಹಿಡಿದು ನಡುವಿನ ಮಸ್ಕಿಯಲ್ಲಿ ಇಳಿಯುತ್ತಿದ್ದೆವು. ಮಂಡಕ್ಕಿಯ ಮಂಡಾಳು ಒಗ್ಗರಣೆ, ಮಿರ್ಚಿ ತರಿಸಿಕೊಂಡು ಕುಳಿತರೆ ನಮ್ಮ ವಾದಕ್ಕೆ ಪಕ್ಕದ ಮೇಜಿನವರು ಎದ್ದುಹೋಗುತ್ತಿದ್ದರು. "ಸರ, ಜಗಳ ಆಡಾಕ ಇಷ್ಟು ದೂರ ಬರ್ಬೇಕೇನ್ರಿ?" ಎಂದು ಹೋಟೆಲಿನವನು ಕೇಳುತ್ತಿದ್ದ.

ಜಗಳ ಹೆಸರಿನದು. ನಮ್ಮ ಹೆಸರುಗಳನ್ನು ಇಂಗ್ಲಿಷಿನಲ್ಲಿ ಒಬ್ಬೊಬ್ಬರು ಒಂದೊಂದು ಥರ ಬರೆಯುತ್ತಾರಲ್ಲ? "ಸಾಲ್ಯಾಗ ಹುಸೇನಪ್ಪ, ತಹಶೀಲ್ದಾರ್ ಕಚೇರ್ಯಾಗ ಉಸೇನಪ್ಪ, ಬ್ಯಾಂಕಿನ್ಯಾಗ ಹುಸ್ಸೈನಪ್ಪ. ಒಬ್ಬವನೇ ಮೂರು ಮಂದಿ ಆಗೀನ್ರಿ ಸರ. ಇವೆಲ್ಲಾ ಒಂದೇ ಅಂತ ಕಂಪ್ಯೂಟರಿಗೆ ಹೆಂಗ ತಿಳಿಸೋದು?" ಎಂದ ಹುಸೇನಪ್ಪ. ಕೊನೆಗೆ ಉಪಾಯ ಹೊಳೆಯಿತು: ಸ್ವರಗಳನ್ನು ಬಿಡು, ಮೊದಲಿನ ಹಕಾರ ಬಿಡು, ಜೋಡಿ ಅಕ್ಷರವನ್ನು ಒಂದೇ ಎಂದು ಹಿಡಿ; ಉಳಿದದ್ದು ಹೊಂದಿದರೆ ಹೆಸರು ಒಂದೇ. ಅದನ್ನೇ ಬರೆದು ಕಳಿಸಿದೆವು. ವಿದೇಶದ ಒಂದು ಪತ್ರಿಕೆಯಲ್ಲಿ ಅಚ್ಚಾಯಿತು.

ಆಮೇಲೆ ಹುಸೇನಪ್ಪನಿಗೆ ಪಿಎಚ್‌ಡಿ ಆಸೆ ಹುಟ್ಟಿತು. ಆದರೆ ವಿಶ್ವವಿದ್ಯಾಲಯದವರು, ನಿಮ್ಮ ಪೇಪರನ್ನು ಯಾರಾದರೂ ಲೆಕ್ಕಕ್ಕೆ ತೆಗೆದುಕೊಂಡಿದ್ದಾರೆಯೇ ತೋರಿಸಿ ಎಂದರು. ಆಗ ಫೋನಿನಲ್ಲಿ ನೋಡುವ ಕಾಲವೇ? ಹೈದರಾಬಾದಿನ ಗ್ರಂಥಾಲಯಕ್ಕೆ ಹೋಗಿ, ಯಾರು ಯಾರನ್ನು ಉಲ್ಲೇಖಿಸಿದ್ದಾರೆಂದು ಹೇಳುವ ದಪ್ಪ ಸಂಪುಟಗಳಲ್ಲಿ ಹುಡುಕಿದೆವು. ಹಕಾರದಲ್ಲಿ ಹುಸೇನಪ್ಪ ಇರಲೇ ಇಲ್ಲ. ಸುಮ್ಮನೆ ಉಕಾರದ ಪುಟ ತೆಗೆದರೆ, ಅಗೋ, ಉಸೇನಪ್ಪ! "ಸಿಕ್ಕೀನ್ರಿ ಸರ!" ಎಂದು ಅವನು ಕೂಗಿದ್ದಕ್ಕೆ ಇಬ್ಬರನ್ನೂ ಹೊರಗೆ ಕಳಿಸಿದರು.

ಸಂದರ್ಶನದ ದಿನ ನಾನೂ ಹೋಗಿ ಹೊರಗಿನ ಬೆಂಚಿನ ಮೇಲೆ ಕುಳಿತಿದ್ದೆ. ಬಾಗಿಲು ತೆರೆದೇ ಇತ್ತು.

"ಇಲ್ಲಿ ಉಸೇನಪ್ಪ ಅಂತಿದೆ. ಬೇರೆಯವರ ಹೆಸರು ತಂದು ತೋರಿಸ್ತಿದ್ದೀರಲ್ಲ?" ಎಂದರು ಪ್ರೊಫೆಸರ್ ಮಾದಪ್ಪ, ಆ ಸಂಪುಟದ ಪುಟದ ಜೆರಾಕ್ಸ್ ನೋಡುತ್ತ. ನಾನು ಬೆಂಚಿನ ತುದಿಗೆ ಸರಿದು ಒಳಗೆ ಇಣುಕಿದೆ.

"ಸರ, ಆ ಪೇಪರ್ ಇರೋದೇ ಇದರ ಸಲುವಾಗಿ" ಎಂದು ಹುಸೇನಪ್ಪ ಜೇಬಿನಿಂದ ಫ್ಲಾಪಿ ತೆಗೆದು ಅಲ್ಲಿನ ಕಂಪ್ಯೂಟರಿಗೆ ಹಾಕಿ, ತನ್ನ ಹೆಸರನ್ನು ಎರಡೂ ಥರ ಒತ್ತಿದ. ಎರಡೂ ಒಂದೇ ಎಂದಿತು ಯಂತ್ರ.

ಪ್ರೊಫೆಸರ್ ಕುತೂಹಲದಿಂದ ತಮ್ಮದೇ ಹೆಸರು ಒತ್ತಿದರು. ಜೊತೆಗೆ ತಮ್ಮ ವಿಭಾಗದ ಮುದ್ದಪ್ಪನವರ ಹೆಸರನ್ನೂ ಒತ್ತಿದರು. ಇಬ್ಬರಿಗೂ ಮಾತುಕತೆ ನಿಂತು ಬಹಳ ಕಾಲವಾಗಿತ್ತು. ಎರಡೂ ಒಂದೇ ಎಂದಿತು ಯಂತ್ರ! ಸಮಿತಿಯ ಉಳಿದವರು ಕರವಸ್ತ್ರ ಬಾಯಿಗೆ ಹಿಡಿದರು.

ನಾನಾಗಿದ್ದರೆ ಏನೋ ಒಂದು ನೆಪ ಹೇಳುತ್ತಿದ್ದೆ. ಹುಸೇನಪ್ಪ ಹೇಳಲಿಲ್ಲ. "ತಪ್ಪೈತ್ರಿ ಸರ. ಸ್ವರ ಎಲ್ಲಾ ಬಿಟ್ಟಿದ್ದು ಅತಿ ಆತು, ಇವತ್ತ ತಿಳೀತು" ಎಂದು ಚಾಕ್‌ಪೀಸ್ ಹಿಡಿದು, ಎಲ್ಲಿ ಎಡವಿದ್ದೇವೆಂದು ಬೋರ್ಡಿನ ಮೇಲೆ ಬಿಡಿಸುತ್ತಲೇ ಹೋದ. ಕೊನೆಗೆ ಮಾದಪ್ಪನವರೂ ಎದ್ದು ಪಕ್ಕದಲ್ಲಿ ನಿಂತು ಬರೆಯತೊಡಗಿದರು. ಹೊರಬಂದಾಗ ಅವನ ಮುಖವೇ ಸೀಟು ಸಿಕ್ಕ ಸುದ್ದಿ ಹೇಳಿತು. ನನಗೆ ಹಿಗ್ಗು; ಜೊತೆಗೆ, ಸುಳ್ಳೇಕೆ, ಅವನ ವಾದಕ್ಕೆ ಬೇರೆ ಜೊತೆಗಾರ ಸಿಕ್ಕನಲ್ಲ ಎಂಬ ಸಣ್ಣ ಉರಿ.

ಇಷ್ಟನ್ನು ಅವಳಿಗೆ ಹೇಳುವಷ್ಟರಲ್ಲಿ ರೇಣುಕಾ ಪರದೆ ಸರಿಸಿ, "ಕಾಕಾ, ಇದರಾಗ ಎರಡು ಹುಸೇನಪ್ಪ ಸರ್ ತಾವೇ ಬರದಾರ. ತಮ್ಮನ್ನ ತಾವು ಉಲ್ಲೇಖಿಸಿದ್ರ ಹಿಡಿಯೂದಿಲ್ರಿ" ಎಂದಳು. ಓದಿಸಿದೆ. ಎರಡರಲ್ಲೂ ನಮ್ಮ ತಪ್ಪನ್ನೇ ತಿದ್ದಿದ್ದಾನೆ, ಎರಡರಲ್ಲೂ ನನ್ನ ಹೆಸರನ್ನು ಒಂದಕ್ಷರ ತಪ್ಪದಂತೆ ಬರೆದಿದ್ದಾನೆ. ಮೂರು ಹೋಗಿ ಒಂದಾಯಿತು, ಯಾಕೋ ಬೇಜಾರಾಗಲಿಲ್ಲ.

ಅವನಿಗೆ ಫೋನು ಹಚ್ಚಿದೆ. "ಹುಸೇನಪ್ಪ, ನನ್ನ ತೂಕ ಒಂದಕ್ಕ ಇಳೀತಪಾ."

"ಅದಿರ್ಲಿ ಸರ, ಆ ಮಾದಪ್ಪ-ಮುದ್ದಪ್ಪರ ತೊಡಕು ಇನ್ನೂ ಪೂರ್ತಿ ಬಿಡಿಸಿಲ್ಲ ನೋಡ್ರಿ. ಕೇಳ್ತೀರೇನು?"

"ತಡಿ," ಎಂದೆ, "ಪೆನ್ನು ತಗೋತೀನಿ."