ತೊರಗಟ್ಟಿಯ ಜಿಗಿತದ ದಿಬ್ಬ ಮತ್ತು ಮಹಾನಂದಾ ಅಕ್ಕೋರು

ಧಾರವಾಡ ಜಿಲ್ಲೆಯ ಶಾಲಾ ಕ್ರೀಡಾಲೋಕದಲ್ಲಿ ಶ್ರೀಮತಿ ಮಹಾನಂದಾ ಬೆಳವಟಗಿ ಅವರ ಹೆಸರನ್ನು ಅರಿಯದವರು ವಿರಳ. ಗೆದ್ದ ಪದಕಗಳನ್ನು ಎಣಿಸಿ ಶಿಕ್ಷಕರ ಯೋಗ್ಯತೆಯನ್ನು ಅಳೆಯುವ ಈ ಕಾಲದಲ್ಲಿ, ಪೆಟ್ಟಾಗದೆ ಮನೆಗೆ ಮರಳಿದ ಮಕ್ಕಳನ್ನು ಕಂಡು ಹಿಗ್ಗಿದ ದೈಹಿಕ ಶಿಕ್ಷಕಿ ಅವರು. ನವಲಗುಂದದಿಂದ ಕಲಘಟಗಿಯವರೆಗೆ ಎಲ್ಲಿಯೇ ಉದ್ದ ಜಿಗಿತದ ಸ್ಪರ್ಧೆ ನಡೆಯಲಿ, ಸಂಘಟಕರು ಪರಸ್ಪರ ಕೇಳಿಕೊಳ್ಳುವ ಮೊದಲ ಮಾತು, "ಅಕ್ಕೋರು ಕುಣಿ ನೋಡ್ಯಾರೇನ್ರಿ?" ಎಂಬುದಾಗಿತ್ತು. ಅವರು ಬರಿಗಾಲಲ್ಲಿ ಮರಳಿನ ಕುಣಿಯೊಳಗೆ ಇಳಿದು, ಉದ್ದಕ್ಕೂ ಅಡ್ಡಕ್ಕೂ ನಡೆದು ಹೂಂ ಎನ್ನುವ ತನಕ ಯಾವ ಮಗುವೂ ಓಡಿಬಂದು ಜಿಗಿಯುವಂತಿರಲಿಲ್ಲ.

ಆದರೆ ಅವರ ನಿಜವಾದ ಕರ್ಮಭೂಮಿ ತೊರಗಟ್ಟಿ. ಶಲವಡಿಯ ಆಚೆಗಿರುವ ಈ ಊರನ್ನು ಹಳ್ಳಿ ಎಂದರೆ ಊರವರಿಗೆ ಸಿಟ್ಟು, ಪಟ್ಟಣ ಎಂದರೆ ನೆರೆಯೂರಿನವರಿಗೆ ನಗು. ಇಲ್ಲಿನ ಜಿಗಿತದ ದಿಬ್ಬವನ್ನು ಮಣ್ಣಿನ ದಿಬ್ಬವಾಗಿಯೇ ಉಳಿಸಬೇಕು, ಅದರ ಮೇಲಿಂದ ಹಾರಿದ ಯಾರ ಕಾಲೂ ಇನ್ನೊಮ್ಮೆ ಮುರಿಯಕೂಡದು ಎಂಬುದೊಂದೇ ಅವರು ತಮ್ಮ ಸೇವಾವಧಿಯುದ್ದಕ್ಕೂ ಹಿಡಿದ ಹಟ. ಆ ಹಟಕ್ಕೆ ಅತಿ ದೊಡ್ಡ ಗಂಡಾಂತರ ಬಂದದ್ದು ವಿರೋಧಿಗಳಿಂದಲ್ಲ, ಅವರ ನಿವೃತ್ತಿಯನ್ನು ಸಂಭ್ರಮಿಸಲು ಹೊರಟ ಅಭಿನಂದನ ಸಮಿತಿಯಿಂದಲೇ ಎಂಬುದನ್ನು ಸಮಿತಿ ಹೊರತಂದಿರುವ ಈ ಸಂಪುಟದಲ್ಲಿಯೇ ದಾಖಲಿಸುವುದು ನ್ಯಾಯ.

ದಿಬ್ಬದ ಕಥೆ ಅವರಿಗಿಂತ ಹಳೆಯದು. ಊರಿನ ಸಿಹಿನೀರ ಕೆರೆಯ ಹೂಳೆತ್ತಿದ ಕಾಲಕ್ಕೆ ಹೊರಹಾಕಿದ ಮಣ್ಣು ಏರಿಯ ಆಚೆ ರಾಶಿಬಿದ್ದು ದಿಬ್ಬವಾಯಿತು. ನಾಗರಪಂಚಮಿ ಬಂತೆಂದರೆ ಈ ಸೀಮೆಯ ಗಂಡಸರಿಗೆ ಪಂದ್ಯದ ಹುಚ್ಚು ಹಿಡಿಯುತ್ತದೆ. ಒಬ್ಬ ನಿಂಬೆಹಣ್ಣನ್ನು ಮುಂದಿನ ಊರಿನವರೆಗೆ ಎಸೆಯುತ್ತ ಹೊರಟರೆ, ಇನ್ನೊಬ್ಬ ಜೋಳದ ಚೀಲ ಹೊತ್ತು ಗುಡಿ ಸುತ್ತುತ್ತಾನೆ. ತೊರಗಟ್ಟಿಯವರು ದಿಬ್ಬದ ತುದಿಯಿಂದ ಇಳಿಜಾರಿನಲ್ಲಿ ಓಡಿಬಂದು, ಆಳೆತ್ತರದ ಅಂಚಿನಿಂದ ಹಾರಿ, ಕೆಳಗಿನ ಹೊಲದಲ್ಲಿ ಹೋಗಿ ಬೀಳತೊಡಗಿದರು. ಯಾರು ದೂರ ಬಿದ್ದರೋ ಅವರಿಗೆ ಆ ವರ್ಷದ ಮೀಸೆ ತಿರುವುವ ಹಕ್ಕು. ಪಂಚಮಿಯ ಹಿಂದಿನ ದಿನ ಹೆಣ್ಣುಮಕ್ಕಳು ಮಣ್ಣು, ಹೊಟ್ಟು, ಸಗಣಿ ಕಲಸಿ ಇಳಿಜಾರನ್ನು ಸಾರಿಸಿ ಕೊಡಬೇಕು. ಮರುದಿನ ಗಂಡಸರು ಅದರ ಮೇಲೆ ಓಡಬೇಕು. ಇದು ರೂಢಿ, ಯಾರೂ ಯಾಕೆ ಎಂದು ಕೇಳಿರಲಿಲ್ಲ.

ಮಹಾನಂದಾ ಅವರು ಇಲ್ಲಿನ ಸರಕಾರಿ ಪ್ರೌಢಶಾಲೆಗೆ ಬಂದ ಎರಡನೆಯ ವರ್ಷ ಮಳೆ ತಡವಾಯಿತು. ಹೊಲದ ಎರೆಮಣ್ಣು ಬಾಯ್ಬಿಟ್ಟು ಕೂತಿತ್ತು. ಹಿರಿಯರು ಬಿರುಕುಗಳ ಮೇಲೆ ಜೋಳದ ಒಣದಂಟಿನ ಕಣಿಕೆ ಹರವಿ, ಮೆತ್ತಗಾಯಿತೆಂದು ಭಾವಿಸಿ ಪಂದ್ಯ ಹಚ್ಚಿದರು. ಕುರಿ ಕಾಯುವ ಮನೆತನದ ಪುಂಡಲೀಕ ಅಂದಿನ ದಿನಗಳ ಹುಲಿ. ಆತ ಎಲ್ಲರಿಗಿಂತ ದೂರ ಹಾರಿದ. ಇಳಿದಾಗ ಕಾಲು ಕಣಿಕೆಯಡಿಯ ಬಿರುಕಿನಲ್ಲಿ ಸಿಕ್ಕಿ ಮುರಿಯಿತು. ಆ ಸದ್ದನ್ನು ಏರಿಯ ಮೇಲೆ ನಿಂತಿದ್ದ ಯುವ ಶಿಕ್ಷಕಿ ಕೇಳಿದರು, ಜನ್ಮದಲ್ಲಿ ಮರೆಯಲಿಲ್ಲ. ಹುಬ್ಬಳ್ಳಿಯ ಆಸ್ಪತ್ರೆಗೆ ಟೆಂಪೋದಲ್ಲಿ ಹೋಗುವಾಗ ಪುಂಡಲೀಕನ ತಲೆ ಅವರ ತೊಡೆಯ ಮೇಲಿತ್ತು. ಆತ ಸತ್ತೇನೆಂದು ಅಳಲಿಲ್ಲ, ಸೋತೆನೇನೋ ಎಂದು ಅತ್ತ. "ಅಕ್ಕೋರ, ದೂರ ಬಿದ್ದಾಂವ ನಾನ ಹೌದಲ್ರಿ?" ಎಂದು ದಾರಿಯುದ್ದಕ್ಕೂ ಕೇಳಿದ. "ನೀನ ತಮ್ಮಾ, ನೀನ" ಎಂದು ಅವರು ದಾರಿಯುದ್ದಕ್ಕೂ ಹೇಳಿದರು. ಕಾಲು ಕೂಡಿತು, ಕುಂಟು ಮಾತ್ರ ಉಳಿಯಿತು.

ಊರ ಪಂಚರು ದಿಬ್ಬವನ್ನು ಕೆಡವಿಬಿಡುವುದೇ ಸರಿ ಎಂದರು. ಹೊರಗಿನಿಂದ ಬಂದ ಹೆಣ್ಣುಮಗಳು ಅಡ್ಡ ಬರುತ್ತಾಳೆಂದು ಯಾರೂ ಎಣಿಸಿರಲಿಲ್ಲ. "ತಪ್ಪು ದಿಬ್ಬದ್ದಲ್ರಿ, ಬೀಳೂ ಜಾಗಾದ್ದು" ಎಂದು ಮಹಾನಂದಾ ಅವರು ಪಂಚರ ಮುಂದೆ ನಿಂತು ಹೇಳಿದರು. ಬೆಣ್ಣಿಹಳ್ಳದ ಉಸುಕು ತರಿಸಿದರು. ಶಾಲೆಯ ಮಕ್ಕಳೊಂದಿಗೆ ತಾವೂ ಸಲಿಕೆ ಹಿಡಿದು ಕುಣಿ ತೋಡಿದರು, ಉಸುಕನ್ನು ಜರಡಿ ಹಿಡಿದು ತುಂಬಿದರು. ಅಂದಿನಿಂದ ಪಂಚಮಿಗೆ ಮೊದಲು ಕುಣಿಯನ್ನು ಅಗೆದು ಸಡಿಲಿಸಿ ಬರಿಗಾಲಲ್ಲಿ ನಡೆದು ನೋಡುವ ಕೆಲಸವನ್ನು ಅವರು ಒಮ್ಮೆಯೂ ಇನ್ನೊಬ್ಬರಿಗೆ ಒಪ್ಪಿಸಲಿಲ್ಲ. ಸ್ವಂತ ತಂಗಿಯ ಮದುವೆಯ ಹಿಂದಿನ ದಿನವೂ ಮೈಯೆಲ್ಲ ಉಸುಕು ಮಾಡಿಕೊಂಡು ಬಸ್ಸು ಹತ್ತಿದವರು ಅವರು. ಮದುವೆಮನೆಯಲ್ಲಿ ಬೈಸಿಕೊಂಡದ್ದನ್ನು ನಗುತ್ತಲೇ ಹೇಳುತ್ತಿದ್ದರು.

ವರ್ಷಗಳು ಉರುಳಿದವು. ಪುಂಡಲೀಕನ ಮಗಳು ರೇಷ್ಮಾ ಅಕ್ಕೋರ ಕೈಕೆಳಗೆ ಓದಲು ಬಂದಳು. ಪುಂಡಲೀಕನ ತಾಯಿ ಕೆಂಚವ್ವ ಇಳಿಜಾರು ಸಾರಿಸುವ ಹೆಂಗಸರ ಮುಂದಾಳು, ಅಜ್ಜಿಯ ಜೊತೆ ಸಗಣಿ ಕಲಸುತ್ತಿದ್ದ ಹುಡುಗಿ ಒಂದು ದಿನ ಕೈ ತೊಳೆದುಕೊಂಡು ನೇರ ಅಕ್ಕೋರ ಬಳಿ ಬಂದು, "ಸಾರಸಾಕ ನಾವು, ಜಿಗಿಯಾಕ ಅವರು. ಇದ್ಯಾವ ನ್ಯಾಯರಿ?" ಎಂದಳು. ಅಕ್ಕೋರಿಗೆ ನಾಚಿಕೆಯಾಯಿತು. ಅಷ್ಟು ವರ್ಷ ಕುಣಿಯನ್ನೇ ನೋಡಿದ ತಮ್ಮ ಕಣ್ಣಿಗೆ ಇಳಿಜಾರು ಕಂಡಿರಲಿಲ್ಲವಲ್ಲ ಎನಿಸಿತು.

ಊರ ಪಂಚರಲ್ಲಿ ಹಿರಿಯರಾದ ಶಂಭುಲಿಂಗಪ್ಪನವರ ಮನೆಗೆ ಅಕ್ಕೋರು ಹೋಗಿ ಹುಡುಗಿಯರೂ ಜಿಗಿಯಲಿ ಎಂದರು. ಮಾತು ಕೇಳುತ್ತಲೇ ಯಜಮಾನರು ರುಮಾಲು ಸರಿಪಡಿಸಿಕೊಂಡರು. "ಹೆಣ್ಣುಮಕ್ಕಳು ಮಂದಿ ಮುಂದ ಜಿಗದ್ರ ಊರ ಮರ್ಯಾದಿ ಏನಾಗಬೇಕ್ರಿ ಅಕ್ಕೋರ?"

"ಪಂಚಮಿ ಹೆಣ್ಣುಮಕ್ಕಳ ಹಬ್ಬ ಅಲ್ರಿ ಯಜಮಾನ್ರ? ಜೋಕಾಲಿ ಮ್ಯಾಲ ನಿಂತು ಆಕಾಶಕ್ಕ ಹೋದ್ರ ಹೋಗಲಾರದ ಮರ್ಯಾದಿ, ದಿಬ್ಬದಿಂದ ಭೂಮಿಗಿ ಬಂದ್ರ ಹೋಗತೈತೇನ್ರಿ?"

ಜಗುಲಿಯ ಮೇಲಿದ್ದ ಯಜಮಾನರ ಸೊಸೆಯಂದಿರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು, ಅಲ್ಲಿಗೆ ತೀರ್ಮಾನವೂ ಆಯಿತು. ಒಪ್ಪಿಸಲು ಕಷ್ಟವಾದದ್ದು ಪುಂಡಲೀಕನನ್ನು. ತನ್ನ ಕಾಲನ್ನು ಆತ ಮರೆತಿರಲಿಲ್ಲ. ಮಹಾನಂದಾ ಅವರು ಒತ್ತಾಯಿಸಲಿಲ್ಲ, ಆತನನ್ನು ಕುಣಿಯ ಬಳಿ ಕರೆದೊಯ್ದು, "ನೀನ ನೋಡು. ನಿನ್ನ ಮನಸ್ಸಿಗಿ ಬಂದ್ರ ಹೂಂ ಅನ್ನು, ಇಲ್ಲಂದ್ರ ಆಕಿ ಜಿಗಿಯೂದ ಬ್ಯಾಡ" ಎಂದರು. ಪುಂಡಲೀಕ ಕೂತು ಮೊಣಕೈವರೆಗೆ ಉಸುಕಿನಲ್ಲಿ ಕೈಯಿಳಿಸಿದ, ಒಳಗೆ ಬೆರಳಾಡಿಸಿ ನೋಡಿದ. ಕೊನೆಗೆ, "ಜಿಗೀಲಿ ಬಿಡ್ರಿ" ಎಂದ. ಆ ಪಂಚಮಿಗೆ ರೇಷ್ಮಾ ಜಿಗಿದಳು. ಇಂದು ಆಕೆ ಕಲಘಟಗಿ ಕಡೆಯ ಶಾಲೆಯೊಂದರಲ್ಲಿ ತಾನೇ ದೈಹಿಕ ಶಿಕ್ಷಕಿ.

ಈ ಎಲ್ಲ ಉಪಕಾರಗಳ ಭಾರವನ್ನು ಇಳಿಸಿಕೊಳ್ಳಲು ಅಕ್ಕೋರ ನಿವೃತ್ತಿಯ ವರ್ಷ ಸಮಿತಿ ರಚನೆಯಾಯಿತು. ಅಧ್ಯಕ್ಷರು ಅವರ ಹಳೆಯ ಶಿಷ್ಯ, ಇಂದು ಊರಿನ ದೊಡ್ಡ ಸಿಮೆಂಟ್ ವ್ಯಾಪಾರಿ ಕಾಶಿನಾಥ ಅವರು. ಒಲೆಯ ಮುಂದೆ ಕೂತವನಿಗೆ ರೊಟ್ಟಿಯದೇ ಯೋಚನೆ ಎಂಬಂತೆ ಅಧ್ಯಕ್ಷರಿಗೆ ಮೊದಲು ಹೊಳೆದದ್ದು ಸಿಮೆಂಟು. ಪ್ರತಿವರ್ಷ ಮಳೆಗೆ ಇಳಿಜಾರು ಕರಗುತ್ತದೆ, ಪ್ರತಿವರ್ಷ ಹೆಂಗಸರ ಸೊಂಟ ನೋಯುತ್ತದೆ. ಒಮ್ಮೆ ಕಾಂಕ್ರೀಟು ಹಾಕಿದರೆ ಮೊಮ್ಮಕ್ಕಳ ಕಾಲಕ್ಕೂ ಅಲುಗದು. ಜಿಗಿಯುವ ಅಂಚಿನಲ್ಲಿ ಕಾಲೂರಲು ಇದ್ದ ಹಳೆಯ ಹಲಗೆ ತೆಗೆದು ಕನ್ನಡಿಯಂತೆ ಹೊಳೆಯುವ ಕರಿಕಲ್ಲು. ಕಲ್ಲಿನ ಮೇಲೆ ಬಂಗಾರದ ಬಣ್ಣದಲ್ಲಿ ಅಕ್ಕೋರ ಹೆಸರು. ಅಕ್ಕೋರು ತರಬೇತಿ ಶಿಬಿರಕ್ಕೆಂದು ಪರವೂರಿಗೆ ಹೋದ ವಾರದಲ್ಲಿಯೇ ಎಲ್ಲರೂ ಗುಟ್ಟಾಗಿ, ಖುಷಿಯಿಂದ, ಹಗಲುರಾತ್ರಿ ದುಡಿದು ಮುಗಿಸಿದರು. ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡುವುದೆಂದರೆ ಇದೇ ಇರಬೇಕು.

ಅಕ್ಕೋರು ಮರಳಿದ ಸಂಜೆ ಜಿಟಿಜಿಟಿ ಮಳೆ ಹಿಡಿದಿತ್ತು. ಕಾಶಿನಾಥರು ಅಕ್ಕೋರನ್ನು ಮೆರವಣಿಗೆಯಂತೆ ಕರೆತಂದು ಕಲ್ಲಿನ ಮೇಲಿನ ಶಾಲು ಸರಿಸಿದರು. ಜನ ಚಪ್ಪಾಳೆ ತಟ್ಟಿದರು. ಮಹಾನಂದಾ ಅವರ ಎದೆ ತುಂಬಿ ಬಂತು, ಅದನ್ನು ಅವರು ಮುಚ್ಚಿಡಲಿಲ್ಲ. ಯಾರದೋ ಊರಿಗೆ ಬಂದ ತನಗೆ ಇಷ್ಟು ಪ್ರೀತಿಯೇ ಎಂದು ಕಣ್ಣೊರೆಸಿಕೊಂಡರು. ಒರೆಸಿಕೊಂಡ ಕಣ್ಣು ಮತ್ತೆ ಕಲ್ಲಿನ ಮೇಲೆ ಬಿತ್ತು. ಮಳೆಗೆ ಒದ್ದೆಯಾದ ನುಣುಪು ಕಲ್ಲು ಹೊಳೆಯುತ್ತಿತ್ತು, ಕಾಲಿಟ್ಟರೆ ಜಾರುವಂತಿತ್ತು. ಬಾಯಿ ತೆರೆಯುವಷ್ಟರಲ್ಲಿ ಕಾಶಿನಾಥ, "ರೇಷ್ಮಾ, ಒಂದು ಸಲ ಜಿಗಿದು ತೋರ್ಸು ನೋಡೂಣು" ಎಂದುಬಿಟ್ಟಿದ್ದರು. ಸಮಾರಂಭಕ್ಕೆಂದು ಬಂದಿದ್ದ ರೇಷ್ಮಾ ಚಪ್ಪಲಿ ಬಿಟ್ಟು ಆಗಲೇ ಮೇಲಿನಿಂದ ಓಡಿ ಬರುತ್ತಿದ್ದಳು.

ಅಂಚಿನಲ್ಲಿ ಕಾಲೂರಬೇಕಾದ ಕ್ಷಣ ಆಕೆಗೆ ಅಕ್ಷರ ಕಂಡಿತು, ಅಕ್ಕೋರ ಹೆಸರು ಕಂಡಿತು. ಪುಸ್ತಕಕ್ಕೆ ಕಾಲು ತಾಗಿದರೂ ಕಣ್ಣಿಗೊತ್ತಿಕೊಂಡು ಬೆಳೆದ ಹುಡುಗಿ. ಎತ್ತಿದ ಕಾಲನ್ನು ಹೆಸರಿನ ಮೇಲೆ ಇಡಲಾರದೆ ಪಕ್ಕಕ್ಕೆ ಇಟ್ಟಳು, ಕಲ್ಲು ಜಾರಿಸಿತು. ಅಡ್ಡಡ್ಡವಾಗಿ ಗಾಳಿಗೆ ಹೋದವಳು ಉಸುಕಿನ ಕೊಟ್ಟಕೊನೆಯ ಅಂಚಿನಲ್ಲಿ ಬಿದ್ದಳು. "ಯವ್ವಾ!" ಎಂದು ಕೂಗಿದ್ದು ಅವಳಲ್ಲ, ಪುಂಡಲೀಕ. ಕುಂಟುಕಾಲಿನ ಆ ಮನುಷ್ಯ ಎಲ್ಲರಿಗಿಂತ ಮೊದಲು ಕುಣಿ ಮುಟ್ಟಿದ್ದ.

ರೇಷ್ಮಾ ಎದ್ದು ಕೂತು ಮೊಣಕಾಲು ತೀಡಿಕೊಂಡಳು. "ಏನೂ ಆಗಿಲ್ಲಪ್ಪಾ. ಅಕ್ಕೋರ ಹೆಸರಿನ ಮ್ಯಾಲ ಹೆಂಗ ಕಾಲಿಡ್ಲಿ?" ಎಂದು ತನ್ನದೇ ತಪ್ಪೆಂಬಂತೆ ಕೇಳಿದಳು. ಊರಲ್ಲಿ ಯಾವ ಮಗುವೂ ಆ ಹೆಸರಿನ ಮೇಲೆ ಕಾಲಿಡುವುದಿಲ್ಲ ಎಂಬುದು ಅಷ್ಟು ದುಡಿದ ಒಬ್ಬರಿಗೂ ಹೊಳೆದಿರಲಿಲ್ಲ. ಮಾನ ಕೊಡುವ ಭರದಲ್ಲಿ ಹೆಸರನ್ನು ಒಯ್ದು ಎಲ್ಲರ ಪಾದದಡಿಗೇ ಇಟ್ಟಿದ್ದರು.

"ಕಾಶಿನಾಥ, ಇದನ್ನ ತಗಸು" ಎಂದರು ಮಹಾನಂದಾ. ದನಿ ಏರಿರಲಿಲ್ಲ. "ಕಲ್ಲೂ ತಗಸು, ಕಾಂಕ್ರೀಟೂ ತಗಸು. ಹೊಟ್ಟು ಕಲಸಿದ ಮಣ್ಣು ಕಾಲು ಹಿಡೀತೈತಿ, ಇವೆರಡೂ ಜಾರಸ್ತಾವ."

ಕಾಶಿನಾಥರ ಮುಖ ಕಪ್ಪಿಟ್ಟಿತು. "ಊರ ಮಂದಿ ಪ್ರೀತೀಲೆ ಹಾಕ್ಸ್ಯಾರ‍್ರಿ ಅಕ್ಕೋರ. ಒಡದ್ರ ಅವರ ಮಾರಿ ಹೆಂಗ ನೋಡ್ಲಿ?"

"ಒಂದು ಹುಡುಗನ ಕಾಲು ಮುರದಾಗ ಅವರವ್ವನ ಮಾರಿ ನಾ ನೋಡೀನಿ. ಅದು ಇನ್ನೂ ಕಠಿಣ ಐತಿ ತಮ್ಮಾ."

ಜನರ ನಡುವೆ ನಿಂತಿದ್ದ ಕೆಂಚವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು. "ನಮ್ಮ ಸೊಂಟದ ಚಿಂತಿ ಮಾಡಿದ್ರೆಂದ್ರ, ಈ ವರ್ಷ ನೀವ ಬಂದು ಸಾರಸ್ರಲೇ!" ಎಂದು ಸಮಿತಿಯ ಗಂಡಸರಿಗೆ ಅಬ್ಬರಿಸಿದಳು. ಯಾರೋ ನಕ್ಕರು. ಕಾಶಿನಾಥರೂ ತಡೆಯಲಾರದೆ ನಕ್ಕರು, ಬಿಗಿದಿದ್ದ ಗಂಟು ಅಷ್ಟಕ್ಕೆ ಸಡಿಲಾಯಿತು.

ಮಹಾನಂದಾ ಅವರು ಯಾರ ಪ್ರೀತಿಯನ್ನೂ ಪೋಲು ಮಾಡಲಿಲ್ಲ. ಒಡೆದ ಕಾಂಕ್ರೀಟಿನ ತುಂಡುಗಳು ಶಾಲೆಯ ಬಾಗಿಲ ಮುಂದಿನ ಕೆಸರುದಾರಿಗೆ ಬಿದ್ದವು. ಈ ಮಳೆಗಾಲದಲ್ಲಿ ಮಕ್ಕಳು ಎರೆಮಣ್ಣಿನಲ್ಲಿ ಚಪ್ಪಲಿ ಕಳೆದುಕೊಳ್ಳದೆ ಶಾಲೆ ಮುಟ್ಟುತ್ತಿದ್ದಾರೆ. ಪಂಚಮಿಯ ಹಿಂದಿನ ದಿನ ಸಮಿತಿಯ ಸದಸ್ಯರೆಲ್ಲ ಧೋತರ ಎತ್ತಿಕಟ್ಟಿ ಸಗಣಿ ಕಲಸಿದರು. ಕಾಶಿನಾಥರು ಸಾರಿಸಿದ ಜಾಗವನ್ನು ಕೆಂಚವ್ವ ಮೂರು ಸಲ ಅಳಿಸಿ, "ಸಿಮೆಂಟ್ ಅಂಗಡಿ ನಡಸ್ತಾನಂತ, ಮಣ್ಣು ಮೆತ್ತಾಕ ಬರೂದಿಲ್ಲ" ಎಂದು ಮತ್ತೆ ಮಾಡಿಸಿದಳು. ಹೋಗುವವರು ಬರುವವರೆಲ್ಲ ನಿಂತು ನೋಡಿದರು.

ಉಳಿದದ್ದು ಆ ಕಲ್ಲು. ಅದನ್ನು ಶಾಲೆಯ ಗೋಡೆಗೆ ಹಚ್ಚೋಣವೆಂದರು, ಗುಡಿಯ ಕಟ್ಟೆಗೆ ಇಡೋಣವೆಂದರು. ಅಕ್ಕೋರು ಯಾವುದಕ್ಕೂ ಒಪ್ಪಲಿಲ್ಲ. ದಿಬ್ಬ ಹತ್ತುವ ಮೊದಲು ಪಾದದ ಕೆಸರು ತೆಗೆದುಕೊಳ್ಳಲು ಮಕ್ಕಳಿಗೆ ಒಂದು ಒರಟು ಕಲ್ಲು ಬೇಕಾಗಿತ್ತು. ಕೆಸರುಗಾಲಲ್ಲಿ ಓಡಿದರೆ ಜಾರುತ್ತದೆ. "ಅದನ್ನ ಮಗುಚಿ ಹಾಕ್ರಿ" ಎಂದರು. ಹೊಳೆಯುವ ಮುಖ, ಬಂಗಾರದ ಅಕ್ಷರ ಕೆಳಗಾದವು. ಉಳಿ ತಾಗದ ಒರಟು ಬೆನ್ನು ಮೇಲಾಯಿತು.

ಶತಾಯುಷಿಯಾಗಿರಿ ಎಂದು ಅವರನ್ನು ಹರಸುವಷ್ಟು ದೊಡ್ಡವರು ತೊರಗಟ್ಟಿಯಲ್ಲಿ ಈಗ ಕೆಂಚವ್ವನೊಬ್ಬಳನ್ನು ಬಿಟ್ಟರೆ ಯಾರೂ ಉಳಿದಿಲ್ಲ. ಉಳಿದವರು ಬೇಡಿಕೊಳ್ಳಬಹುದಾದದ್ದು ಇಷ್ಟೇ: ಅವರ ಪಾದಕ್ಕೆ ಕುಣಿಯ ಉಸುಕು ಇನ್ನೂ ಅನೇಕ ಪಂಚಮಿಗಳ ಕಾಲ ಮೆತ್ತಗೆ ತಾಗಲಿ, ಅವರ ನಾಲಗೆಯ ಖಾರ ಕಡಿಮೆಯಾಗದಿರಲಿ, ರೇಷ್ಮಾಳಂಥವರು ಬಂದು ನ್ಯಾಯ ಕೇಳುವ ಬಾಗಿಲು ಅವರ ಮನೆಯದೇ ಆಗಿರಲಿ. ಈ ವರ್ಷದ ಪಂಚಮಿಯಲ್ಲಿ ಜಿಗಿಯಲು ಬಂದ ಮಕ್ಕಳ ಕಣ್ಣಿಗೆ ಆ ಕಲ್ಲಿನಲ್ಲಿ ಯಾವ ಹೆಸರೂ ಕಾಣಲಿಲ್ಲ. ಅವರು ಅದರ ಮೇಲೆ ಪಾದಗಳನ್ನು ಗಸಗಸ ಉಜ್ಜಿ, ಯಾವ ಅಳುಕೂ ಇಲ್ಲದೆ ದಿಬ್ಬ ಹತ್ತಿದರು. ಕುಣಿಯ ಬಳಿ ನಿಂತಿದ್ದ ಮಹಾನಂದಾ ಅಕ್ಕೋರು ಅದನ್ನು ಕಣ್ತುಂಬ ನೋಡಿ, ಮೊದಲನೆಯ ಹುಡುಗಿಗೆ ಬಾ ಎಂದು ಕೈ ಎತ್ತಿದರು.