ಮದ್ದು ತುಂಬದ ಒಂದು ತೋಟಾ

ಇದು ನಡೆದದ್ದು ಮೂರು ವರ್ಷದ ಹಿಂದೆ, ಮೇ ತಿಂಗಳಲ್ಲಿ. ಆಗ ನನಗೆ ಅರವತ್ತೈದು. ಕ್ರೈಸ್ಟ್‌ಚರ್ಚಿನ ಹಾರ್ನ್‌ಬಿಯಲ್ಲಿ, ಟೈರ್ ಗೋದಾಮಿನ ಹಿಂದಿರುವ ಒಂದು ಬಂದೂಕಿನ ಅಂಗಡಿಯಲ್ಲಿ ತೋಟಾ ತುಂಬುವ ಕೆಲಸದಲ್ಲಿದ್ದೆ. ಈಗಲೂ ಅಲ್ಲೇ ಇದ್ದೇನೆ. ಐದನೇ ಇಯತ್ತೆ ಓದಿದ ಮುದುಕಿಗೆ ಇಂಥ ಕೆಲಸ ಯಾರು ಕೊಟ್ಟರು ಎಂದು ಜನ ಕೇಳುತ್ತಾರೆ. ಯಾರೂ ಕೊಡಲಿಲ್ಲ. ನಾನು ಸೇರಿದ್ದು ನೆಲ ಒರೆಸಲು. ಹುಬ್ಬಳ್ಳಿಯ ಆಯುರ್ವೇದ ಔಷಧಿ ಅಂಗಡಿಯೊಂದರಲ್ಲಿ ಹತ್ತೊಂಬತ್ತು ವರ್ಷ ಚೂರ್ಣ ತೂಗಿ ಪೊಟ್ಟಣ ಕಟ್ಟಿದವಳು ನಾನು. ಒಂದು ದಿನ ಇಲ್ಲಿನ ಮಾಲೀಕ ಗ್ರೆಗ್ ಮದ್ದು ತೂಗುವಾಗ ತಕ್ಕಡಿಯ ಮೇಲೇ ಉಸಿರು ಬಿಡುತ್ತಿದ್ದ. ಮುಖ ಆ ಕಡೆ ತಿರುಗಿಸು ಅಂದೆ. ಅವನು ತಕ್ಕಡಿಯನ್ನೇ ನನ್ನ ಕಡೆ ತಳ್ಳಿದ. ಅಲ್ಲಿಂದ ಶುರು.

ಅದಕ್ಕೆ ಲೈಸೆನ್ಸ್ ಬೇಕು. ಪರೀಕ್ಷೆಯ ಪ್ರಶ್ನೆಗಳನ್ನು ಮೊಮ್ಮಗಳು ಓದಿ ಹೇಳಿದಳು, ನಾನು ಬಾಯಿಪಾಠ ಮಾಡಿದೆ. ಮನೆಗೆ ವಿಚಾರಣೆಗೆ ಬಂದ ಅಧಿಕಾರಿ, ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ ಎಂದು ಕೇಳಿದರು. ಸಂಬಳಕ್ಕೆ ಅಂದೆ. ಲೈಸೆನ್ಸ್ ಸಿಕ್ಕಿತು.

ಕೆಲಸದ ಬಗ್ಗೆ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಒಂದು ತೋಟಾದಲ್ಲಿ ನಾಲ್ಕು ವಸ್ತುಗಳು: ಹಿತ್ತಾಳೆಯ ಕೇಸು, ಅದರ ತಳದಲ್ಲಿ ಕಿಡಿ ಕೊಡುವ ಪ್ರೈಮರ್, ಒಳಗೆ ಮದ್ದು, ಬಾಯಲ್ಲಿ ಬುಲೆಟ್. ಕೇಸನ್ನು ಮತ್ತೆ ಮತ್ತೆ ತುಂಬಬಹುದು. ದೂರದ ಬೆಟ್ಟದಲ್ಲಿ ತಾರ್ ಹೊಡೆಯುವವರಿಗೆ, ಅಂದರೆ ಹಿಂದೊಮ್ಮೆ ಹಿಮಾಲಯದಿಂದ ತಂದು ಇಲ್ಲಿ ಬಿಟ್ಟ ಕಾಡುಮೇಕೆಗಳ ಬೇಟೆಗಾರರಿಗೆ, ಉದ್ದನೆಯ ಭಾರದ ಬುಲೆಟ್ ಬೇಕು. ಗಾಳಿಗೆ ಅದು ಬೇಗ ಸರಿಯುವುದಿಲ್ಲ. ನಾವು ತುಂಬುವುದು ಇನ್ನೂರ ಮೂವತ್ತು ಗ್ರೇನಿನದು, ಸುಮಾರು ಹದಿನೈದು ಗ್ರಾಂ. ಅಷ್ಟು ಭಾರವನ್ನು ಓಡಿಸಲು ದೊಡ್ಡ ಕೇಸು, ತುಂಬಾ ಮದ್ದು. ಅಷ್ಟು ಮದ್ದು ಉರಿದರೆ ನಳಿಗೆಯ ಗಂಟಲು ಬೇಗ ಸವೆಯುತ್ತದೆ. ಗಂಟಲು ಎಂದರೆ ಬುಲೆಟ್ ಹೊರಟು ನಳಿಗೆಯ ಸುರುಳಿ ಗೆರೆಗಳನ್ನು ಮುಟ್ಟುವ ಮೊದಲಿನ ಜಾಗ. ಗಂಟಲು ಸವೆದಂತೆಲ್ಲ ಗೆರೆಗಳು ದೂರ ಹೋಗುತ್ತವೆ. ಗುರಿ ಕೆಡಬಾರದೆಂದು ನಾವು ಬುಲೆಟ್ಟನ್ನು ವರ್ಷವರ್ಷವೂ ಇಷ್ಟಿಷ್ಟೇ ಹೊರಗೆ ಕೂರಿಸುತ್ತೇವೆ. ಪ್ರತಿ ಗಿರಾಕಿಯ ಬಂದೂಕಿಗೂ ಒಂದು ಪುಟ. ಅದರಲ್ಲಿ ಆ ವರ್ಷದ ಉದ್ದ. ಅಕ್ಷರ ನನ್ನದೇ.

ಚೇತನ್ ಮೈಸೂರಿನ ಹುಡುಗ. ಹುಡುಗ ಅಂದರೆ ನಲವತ್ತು ದಾಟಿದೆ. ಸ್ಟ್ರಕ್ಚರಲ್ ಇಂಜಿನಿಯರ್, ಮಾತು ಬಹಳ. ಆ ಗುರುವಾರ ಅವನ ಐವತ್ತು ಖಾಲಿ ಕೇಸುಗಳು ಅಂಗಡಿಗೆ ಬಂದವು, ಜೊತೆಗೊಂದು ಚೀಟಿ: ಹೋದ ವರ್ಷದಂತೆಯೇ ತುಂಬಿ, ಶನಿವಾರ ಬೆಳಿಗ್ಗೆ ಹೆಲಿಕಾಪ್ಟರಿನಲ್ಲಿ ಬೆಟ್ಟಕ್ಕೆ ಹೋಗುತ್ತಿದ್ದೇನೆ.

ಮೊದಲ ಕೇಸಿಗೆ ಎಣ್ಣೆ ಸವರಿ ಅಚ್ಚಿಗೆ ಒತ್ತಿದೆ. ಹೊಡೆದ ಕೇಸು ಬಂದೂಕಿನ ಹೊಟ್ಟೆಯಷ್ಟಕ್ಕೆ ಉಬ್ಬಿರುತ್ತದೆ, ಅಚ್ಚು ಅದನ್ನು ಮತ್ತೆ ಕುಗ್ಗಿಸುತ್ತದೆ. ಚೇತನನ ಕೇಸು ಎಂದರೆ ಕೊನೆಯಲ್ಲಿ ಅಚ್ಚಿನ ಸನ್ನೆಗೋಲಿಗೆ ಮೈಭಾರ ಹಾಕಲೇಬೇಕು. ಅವತ್ತು ಅದು ಸಲೀಸಾಗಿ ಒಳಗೆ ಹೋಯಿತು. ಎರಡನೆಯದೂ ಹಾಗೇ. ಹತ್ತು ನೋಡಿದೆ, ಹತ್ತೂ ಹಾಗೇ. ಇವು ಉಬ್ಬಿದ್ದು ಬೇರೆ ನಳಿಗೆಯಲ್ಲಿ.

ಫೋನ್ ಮಾಡಿದೆ.

“ಚೇತನ್, ನಳಿಗಿ ಬದಲ್ ಮಾಡಿಸೀಯೇನು?”

“ಹೂಂ ಆಂಟಿ! ನಿಮಗೆ ಹ್ಯಾಗೆ ಗೊತ್ತಾಯ್ತು? ಹಳೇದು ಪೂರ್ತಿ ಸವೆದುಹೋಗಿತ್ತು. ಹೊಸದರಲ್ಲಿ ಫ್ರೆಂಡ್ ಕೊಟ್ಟ ಹಗುರದ ಬುಲೆಟ್ ಹಾಕಿ ಹೊಡ್ದೆ, ಸೂಪರ್ ಆಗಿದೆ.”

“ಬಂದೂಕ ತಗೊಂಡ್ ಬಾ. ಉದ್ದ ಹೊಸದಾಗಿ ಅಳೀಬೇಕು.”

“ಅಯ್ಯೋ, ಎಲ್ಲಾ ಪ್ಯಾಕ್ ಆಗಿದೆ ಆಂಟಿ. ಅದೇ ಗನ್‌ಸ್ಮಿತ್, ಅದೇ ಚೇಂಬರ್. ಹೋದ ವರ್ಷದ ನಂಬರ್ ಹಾಕ್ಬಿಡಿ.”

“ಹೋದ ವರ್ಷದ ನಳಿಗಿ ಎಲ್ಲೈತಿ?”

“ಗುಜರಿಗೆ ಹಾಕ್ದೆ.”

“ಹಂಗಾರ ನಂಬರೂ ಗುಜರಿಗೆ ಹಾಕು.”

ನಕ್ಕ. “ಆಂಟಿ, ನಾನು ಇಂಜಿನಿಯರ್. ಸಾಫ್ಟ್‌ವೇರಲ್ಲಿ ಪ್ರೆಶರ್ ಎಲ್ಲಾ ಚೆಕ್ ಮಾಡಿದೀನಿ.”

“ಸಾಫ್ಟ್‌ವೇರಿಗೆ ಹಳೇ ಗಂಟಲಾ ಹೇಳಿದ್ಯೋ, ಹೊಸಾದೋ?”

“ಅದೇನಷ್ಟು ವ್ಯತ್ಯಾಸ ಆಗುತ್ತೆ ಬಿಡಿ ಆಂಟಿ, ನೀವು ಗ್ರೆಗ್‌ಗೆ ಕೊಡಿ” ಅಂದ.

ಎಷ್ಟು ವ್ಯತ್ಯಾಸ ಎಂಬುದೇ ಪ್ರಶ್ನೆ. ಸವೆದ ಗಂಟಲಿಗೆ ಹೊಂದಿಸಿದ ಉದ್ದದಲ್ಲಿ ತುಂಬಿದರೆ, ಹೊಸ ಗಂಟಲಿನಲ್ಲಿ ಆ ಬುಲೆಟ್ ಹೊರಡುವ ಮೊದಲೇ ಗೆರೆಗಳಿಗೆ ಕಚ್ಚಿಕೊಂಡು ಕೂತಿರುತ್ತದೆ. ಮದ್ದು ಉರಿದಾಗ ಮುಂದೆ ದಾರಿ ಬಿಗಿ. ಒತ್ತಡ ಏರುತ್ತದೆ. ಹಿಂದೆ ಇರುವುದು ಹೊಡೆಯುವವನ ಮುಖ.

ಗ್ರೆಗ್ ಚೇತನನ ಜೊತೆ ಎರಡು ನಿಮಿಷ ಮಾತಾಡಿ ಫೋನ್ ಇಟ್ಟ. ಅವನು ಕೆಟ್ಟವನಲ್ಲ, ಗಿರಾಕಿ ಮುನಿಸಿಕೊಂಡರೆ ಮಾತ್ರ ಕೈಕಾಲು ಆಡುವುದಿಲ್ಲ. ಪುಸ್ತಕ ತೆರೆದು ನನ್ನ ಮುಂದಿಟ್ಟ. “ಶಾಂತಾ, ಈ ಅಂಕಿ ಬರೆದದ್ದು ನೀನೇ ತಾನೇ?”

“ನಾನೇ.”

“ನಿನ್ನ ಅಂಕಿಯನ್ನೇ ನಂಬುವುದಿಲ್ಲವೇ?”

“ಹೋದ ವರ್ಷದ ಮಟ್ಟಿಗೆ ನಂಬುತ್ತೇನೆ” ಅಂದೆ. ನನ್ನ ಇಂಗ್ಲಿಷ್ ಒಡಕು ಮಡಕೆಯಂತಿದೆ, ಆದರೆ ‘ನೋ’ ಎನ್ನಲು ಸಾಕಾಗುತ್ತದೆ. ಅಂದೆ. ಮೂರು ಸಲ ಅಂದೆ.

ನಮ್ಮಲ್ಲಿ ಪ್ರತಿ ಡಬ್ಬಿಯ ಮೇಲೂ ತುಂಬಿದವರ ಹೆಸರು ಬರೆಯುವ ಪದ್ಧತಿ. ಗ್ರೆಗ್ ಕುರ್ಚಿ ಎಳೆದುಕೊಂಡ. “ನಾನು ತುಂಬುತ್ತೇನೆ, ನನ್ನ ಹೆಸರು ಹಾಕುತ್ತೇನೆ. ನೀನು ನಾಳೆ ಬರಬೇಡ. ಸೋಮವಾರ ಮಾತಾಡೋಣ” ಅಂದ. ಸೋಮವಾರದ ಆ ಮಾತು ಏನಿರುತ್ತದೆಂದು ತಿಳಿಯದಷ್ಟು ದಡ್ಡಿ ನಾನಲ್ಲ.

ಹೊರಡುವ ಮೊದಲು ಒಂದು ಕೆಲಸ ಮಾಡಿದೆ, ಅವನ ಕಣ್ಣೆದುರೇ. ಚೇತನನ ಒಂದು ಕೇಸು ತೆಗೆದುಕೊಂಡು, ಖಾಲಿಯೆಂದು ಕಾಣುವಂತೆ ಪಕ್ಕದಲ್ಲಿ ತೂತು ಕೊರೆದೆ. ಪ್ರೈಮರ್ ಇಲ್ಲ, ಮದ್ದಿಲ್ಲ. ಪುಸ್ತಕದ ಉದ್ದಕ್ಕೇ ಬುಲೆಟ್ ಕೂರಿಸಿದೆ. ಕೇಸಿಗೆ ಕೆಂಪು ಬಣ್ಣ ಬಳಿದು, ಬೇರೆ ಚೀಲಕ್ಕೆ ಹಾಕಿ, ಕನ್ನಡದಲ್ಲಿ ಚೀಟಿ ಬರೆದೆ: ‘ಇದರಲ್ಲಿ ಮದ್ದಿಲ್ಲ. ಮನೆಯಲ್ಲೇ ಮೊದಲು ಇದನ್ನು ಹಾಕಿ ತೆಗೆ. ಆಮೇಲೆ ಬೆಟ್ಟ.’ ಏನು ಬರೆದೆ ಎಂದು ಗ್ರೆಗ್ ಕೇಳಿದ. ಓದಿಕೋ ಅಂದೆ. ನನಗೆ ಇಂಗ್ಲಿಷ್ ಓದಲು ಬರುವುದಿಲ್ಲವೆಂದು ನಗುತ್ತಿದ್ದವನು ಆ ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿ ಡಬ್ಬಿಯ ಜೊತೆ ಇಟ್ಟ.

ಶುಕ್ರವಾರ ಮನೆಯಲ್ಲಿದ್ದೆ. ಮಗಳು ಬಿಡಲಿಲ್ಲ. “ಸಾರಿ ಅಂತ ಒಂದ್ ಮೆಸೇಜ್ ಹಾಕಬೇ ಯವ್ವಾ. ನಾನ ಟೈಪ್ ಮಾಡಿ ಕೊಡ್ತೀನಿ.”

“ಯಾವ ತಪ್ಪಿಗೆ?”

“ತಪ್ಪಿಗಲ್ಲ, ಕೆಲಸಕ್ಕ.”

“ಹಂಗಾರ ಬ್ಯಾಡ.”

ಹೆದರಿಕೆ ಇರಲಿಲ್ಲವೆಂದರೆ ಸುಳ್ಳಾಗುತ್ತದೆ. ಆ ಬೆಂಚು ನನ್ನದು. ಈ ದೇಶದಲ್ಲಿ ಯಾರ ಅಮ್ಮ, ಯಾರ ಅಜ್ಜಿ ಎಂದು ಕೇಳದೆ ಜನ ನನ್ನನ್ನು ಹುಡುಕಿಕೊಂಡು ಬರುವ ಜಾಗ ಅದೊಂದೇ. ಆದರೂ ಮೆಸೇಜ್ ಹಾಕಲಿಲ್ಲ. ಬಟ್ಟೆ ಒಗೆದೆ.

ಸಂಜೆ ಐದಕ್ಕೆ ಚೇತನನ ಫೋನ್. ಉರಿದುಬಿದ್ದ.

“ಏನ್ ಆಂಟಿ ನೀವು? ನಿಮ್ ಕೆಂಪು ತೋಟಾ ಹಾಕ್ದೆ, ಬುಲೆಟ್ ಬ್ಯಾರಲ್ ಒಳಗೇ ಸಿಕ್ಕಾಕೊಂಡಿದೆ! ನಾಳೆ ಆರಕ್ಕೆ ಹೆಲಿಕಾಪ್ಟರ್!”

“ತೋಟಾ ಹಾಕಿ ಹಿಂದಿನ ಬೋಲ್ಟ್ ಮುಚ್ಚೋವಾಗ ಬಿಗಿ ಬಂತೇನು?”

“ಸ್ವಲ್ಪ. ತಳ್ಳಿದೆ.”

“ತೆಗೆದಾಗ?”

“ಬರೀ ಕೇಸ್ ಬಂತು.”

“ಅದ್ರಾಗ ಮದ್ದು ಇತ್ತಂದ್ರ? ಬೆಟ್ಟದ ಮ್ಯಾಲ, ತಾರ್ ಎದುರಿಗಿದ್ದಾಗ, ಬಿಗಿ ಬಂತಂತ ನಿಲ್ಲಿಸ್ತಿದ್ಯೋ, ತಳ್ಳಿ ಬಂದೂಕಿನ ಕುದುರಿ ಎಳೀತಿದ್ಯೋ?”

“ನಾಳೆ ನಮ್ಮವರೆಲ್ಲ...”

“ನಾ ಕೇಳಿದ್ದಕ್ಕ ಉತ್ತರ ಹೇಳೋ, ಇಂಜಿನಿಯರ್ ಸಾಹೇಬಾ.”

ಸಣ್ಣ ದನಿಯಲ್ಲಿ ಕೇಳಿದ: “ಮುಖಕ್ಕೆ ಹೊಡೀತಿತ್ತಾ ಆಂಟಿ?”

“ಹೊಡೀಬಹುದು, ಹೊಡೀದೇನೂ ಇರಬಹುದು. ನಾ ದೇವರಲ್ಲ. ಬಂದೂಕ ತಗೊಂಡ್ ಬಾ.”

ಶನಿವಾರ ಹೆಲಿಕಾಪ್ಟರ್ ಅವನನ್ನು ಬಿಟ್ಟು ಹೋಯಿತು. ಒಂಬತ್ತು ಗಂಟೆಗೆ ಅವನು ಅಂಗಡಿಯಲ್ಲಿದ್ದ, ನಾನೂ ಇದ್ದೆ. ಬರಬೇಡ ಎಂದದ್ದು ಶುಕ್ರವಾರಕ್ಕೆ, ಇದು ಶನಿವಾರ. ಗ್ರೆಗ್ ನಳಿಗೆಯ ತುದಿಯಿಂದ ಸರಳು ತೂರಿಸಿ ಬುಲೆಟ್ಟನ್ನು ಹೊರಗೆ ತಟ್ಟಿದ. ಅದರ ಮೈಮೇಲೆ ಸುತ್ತಲೂ ಗೆರೆಗಳು ಕಚ್ಚಿದ ಗುರುತು, ಹಲ್ಲಿನ ಗುರುತಿನ ಹಾಗೆ. ಅಳೆದೆವು. ಹೊಸ ಗಂಟಲಿಗೆ ಬುಲೆಟ್ ಕೇಸಿನಲ್ಲಿ ಇನ್ನೂ ಒಂದೂವರೆ ಮಿಲಿಮೀಟರ್ ಒಳಗೆ ಕೂರಬೇಕಿತ್ತು. ಒಂದು ಅಕ್ಕಿಕಾಳಿನ ದಪ್ಪ. ಚೇತನ್ ಆ ಬುಲೆಟ್ಟನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದ. ಉಗುರಿನಿಂದ ಆ ಗುರುತುಗಳನ್ನು ಒಂದೊಂದಾಗಿ ಸವರಿದ.

ಉಳಿದ ನಲವತ್ತೊಂಬತ್ತು ತೋಟಾಗಳನ್ನು ಬಿಚ್ಚಬೇಕಿತ್ತು. ಟೊಳ್ಳು ತಲೆಯ ಪ್ಲಾಸ್ಟಿಕ್ ಸುತ್ತಿಗೆಯೊಳಗೆ ಒಂದೊಂದನ್ನೇ ಇಟ್ಟು ಕಟ್ಟಿಗೆಯ ಮೇಲೆ ಬಡಿಯಬೇಕು, ಬುಲೆಟ್ ಸಡಿಲಾಗುವವರೆಗೆ. ತೋಳು ಸೋತುಹೋಗುವ ಕೆಲಸ. ಗ್ರೆಗ್ ಸುತ್ತಿಗೆಯನ್ನು ನನ್ನ ಕಡೆ ಚಾಚಿದ.

“ಡಬ್ಬಿಯ ಮೇಲೆ ಯಾರ ಹೆಸರಿದೆ?” ಎಂದು ಕೇಳಿದೆ.

ಅವನೇ ಬಡಿದ. ಎಲ್ಲವನ್ನೂ. ನಾನು ಪಕ್ಕದಲ್ಲಿ ಕೂತು ಚಹಾ ಕುಡಿದೆ. ಆಮೇಲೆ ಚೇತನನಿಗೆ ಐದೇ ಐದು ತುಂಬಿಕೊಟ್ಟೆ, ಹೊಸ ಉದ್ದದಲ್ಲಿ, ಮದ್ದು ಕಡಿಮೆ ಮಾಡಿ. ಶೂಟಿಂಗ್ ಮೈದಾನದಲ್ಲಿ ಹೊಡೆದು ಕೇಸು ವಾಪಸ್ ತಂದು ತೋರಿಸು, ನೋಡಿ ಮುಂದಿನದು ಅಂದೆ. ಅವನು ಥ್ಯಾಂಕ್ಸ್ ಹೇಳಲಿಲ್ಲ. ಅವನ ಬೇಟೆ ಹಾಳಾಗಿತ್ತು, ಮೋರೆ ಊದಿಸಿಕೊಂಡು ಹೋದ. ಗ್ರೆಗ್ ಕೂಡ ಸಾರಿ ಅನ್ನಲಿಲ್ಲ. ಸೋಮವಾರ ಮಾತಾಡೋಣ ಎಂದಿದ್ದನಲ್ಲ, ಆ ಮಾತು ಬರಲೇ ಇಲ್ಲ. ಗೋಡೆಗೆ ಒಂದು ಕಾಗದ ಅಂಟಿಸಿದ: ನಳಿಗೆ ಬದಲಾದರೆ ಬಂದೂಕು ತರಬೇಕು, ಇಲ್ಲದಿದ್ದರೆ ತುಂಬುವುದಿಲ್ಲ. ಅದನ್ನು ಓದಿ ಇಬ್ಬರು ಹಳೇ ಗಿರಾಕಿಗಳು ಬೇರೆ ಅಂಗಡಿಗೆ ಹೋದರು. ಹೋಗಲಿ.

ಈ ಕೆಲಸ ನನಗೆ ಕಲಿಸಿದ್ದು ದೊಡ್ಡದೇನಲ್ಲ. ಅಂಕಿ ಸುಳ್ಳು ಹೇಳುವುದಿಲ್ಲ, ಆದರೆ ಯಾವ ನಳಿಗೆಯ ಅಂಕಿ ಎಂದು ಕೇಳುವವರು ಒಬ್ಬರು ಇರಬೇಕು. ಆ ಒಬ್ಬರು ಓದಿದವರೇ ಆಗಬೇಕಿಲ್ಲ. ನನಗೆ ಸಂಬಳ ಕೊಡುವುದು ತುಂಬುವುದಕ್ಕೆ ಎಂದು ಎಲ್ಲರೂ ತಿಳಿದಿದ್ದಾರೆ. ತುಂಬುವುದಿಲ್ಲ ಎನ್ನುವುದಕ್ಕೂ ಅದರಲ್ಲಿ ಪಾಲಿದೆ. ಸಿಟ್ಟು ಮಾಡಿಕೊಳ್ಳುವವರು ಧಾರಾಳವಾಗಿ ಮಾಡಿಕೊಳ್ಳಲಿ. ನನ್ನನ್ನು ಕೆಕ್ಕರಿಸಿ ನೋಡುವುದಕ್ಕಾದರೂ ಅವರ ಎರಡು ಕಣ್ಣುಗಳು ನೆಟ್ಟಗಿರಲಿ.